ಮಗುವಿನ ಹೆಸರಿನ ಆಸ್ತಿ ಮಾರಲು ಹೆತ್ತವರ ಸಹಿ ಸಾಲದು

1971ರಲ್ಲಿ ದಾವಣಗೆರೆಯ ಶಾಮನೂರಿನಲ್ಲಿ ಒಬ್ಬ ತಂದೆ ಎರಡು ಸೈಟು ಕೊಂಡರು. ಕ್ರಯಪತ್ರ ಮಾಡಿಸಿದ್ದು ತಮ್ಮ ಮೂವರು ಗಂಡುಮಕ್ಕಳ ಹೆಸರಿಗೆ. ಮಕ್ಕಳಿಗೆ ಇನ್ನೂ 18 ತುಂಬಿರಲಿಲ್ಲ. ಮುಂದೆ ಆ ಸೈಟುಗಳನ್ನು ತಂದೆಯೇ ಮಾರಿದರು. ಮಕ್ಕಳ ಗಾರ್ಡಿಯನ್ ಎಂದು ಸಹಿ ಹಾಕಿದರು, ಜಿಲ್ಲಾ ಕೋರ್ಟಿನ ಅನುಮತಿ ಪಡೆಯಲಿಲ್ಲ. ಕೊಂಡವರು ಮತ್ತೊಬ್ಬರಿಗೆ ಮಾರಿದರು. ಇತ್ತ ಮಕ್ಕಳು ದೊಡ್ಡವರಾದ ಮೇಲೆ ಅದೇ ಸೈಟುಗಳನ್ನು ಬೇರೆಯವರಿಗೆ ಬರೆದುಕೊಟ್ಟರು. ಒಂದೇ ಜಾಗಕ್ಕೆ ಎರಡು ಕಡೆಯಿಂದ ಕ್ರಯಪತ್ರ ಹುಟ್ಟಿತು. ಅದರಲ್ಲಿ ಒಂದು ಸೈಟಿನ ವ್ಯಾಜ್ಯ ಕೆಳಗಿನ ಕೋರ್ಟಿನಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಯ ತೀರ್ಪು ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಆ ಸೈಟು ಕೊಂಡು 54 ವರ್ಷ ಕಳೆದಿತ್ತು.

ಮಾರುವ ಮೊದಲು ಜಿಲ್ಲಾ ಕೋರ್ಟಿನ ಅನುಮತಿ ಸಿಕ್ಕಿದ್ದರೆ ಈ ಜಗಳ ಹುಟ್ಟುತ್ತಲೇ ಇರಲಿಲ್ಲ. ಆ ಅನುಮತಿಯ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಮಕ್ಕಳ ಹೆಸರಿಗೆ ಸೈಟು, ಮನೆ, ಜಮೀನು ಮಾಡಿಸುವವರು ತುಂಬಾ ಜನ. ಮಾರುವಾಗ ಕೋರ್ಟಿಗೆ ಹೋಗಬೇಕು ಎಂದು ತಿಳಿದವರು ಕಡಿಮೆ.

"ನನ್ನ ಮಗು, ನನ್ನ ದುಡ್ಡು. ಮಧ್ಯೆ ಕೋರ್ಟ್ ಯಾಕೆ?" ಎಂದು ಹೆತ್ತವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ನೋವಿದೆ. ತಮ್ಮ ಪ್ರೀತಿಯನ್ನೇ ಯಾರೋ ಸಂಶಯ ಪಟ್ಟಂತೆ ಅವರಿಗೆ ಅನ್ನಿಸುತ್ತದೆ. ಆದರೆ ಮಗುವಿನ ಹೆಸರಿಗೆ ಕ್ರಯಪತ್ರ ಆದ ದಿನವೇ ಆ ಸೈಟು ಮಗುವಿನದ್ದಾಯಿತು. ಅಪ್ಪ ಅದನ್ನು ಮಾರುವಾಗ ಮಾರುವವರು ಒಬ್ಬರು, ಮಾಲೀಕರು ಇನ್ನೊಬ್ಬರು. ಮಾಲೀಕನಿಗೆ ಆರು ವರ್ಷ. "ಬೇಡಪ್ಪಾ" ಅನ್ನಲು ಅವನಿಗೆ ಬಾಯಿಲ್ಲ, ಬುದ್ಧಿಯೂ ಬಲಿತಿಲ್ಲ. ಸಾಲಗಾರರು ಬಾಗಿಲಲ್ಲಿ ನಿಂತಾಗ ಒಳ್ಳೆಯ ಅಪ್ಪನಿಗೂ ಕೈಗೆ ಮೊದಲು ಸಿಗುವುದು ಮಗುವಿನ ಹೆಸರಿನ ಸೈಟೇ. "ಮುಂದೆ ಮತ್ತೆ ಕೊಡಿಸಿದರಾಯಿತು" ಎಂದು ಮನಸ್ಸಿನಲ್ಲಿ ನಿಜವಾಗಿಯೂ ಇರುತ್ತದೆ. ಆ ಹೊತ್ತಿನಲ್ಲಿ ಮಗುವಿನ ಪರವಾಗಿ ಯೋಚಿಸಲು ಮೂರನೆಯವರೊಬ್ಬರು ಬೇಕು, ಅಲ್ವಾ? ಕಾನೂನು ಆ ಜಾಗದಲ್ಲಿ ಜಿಲ್ಲಾ ನ್ಯಾಯಾಧೀಶರನ್ನು ಕೂರಿಸಿದೆ.

ಕಾನೂನು ಏನು ಹೇಳುತ್ತದೆ ಎಂದು ನೋಡೋಣ. ಹಿಂದೂಗಳಿಗೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಇದೆ. ಬೌದ್ಧ, ಜೈನ, ಸಿಖ್ಖರಿಗೂ ಅದೇ. ಲಿಂಗಾಯತರು, ವೀರಶೈವರು ಎಂದು ಕಾಯ್ದೆ ಹೆಸರು ಹಿಡಿದೇ ಹೇಳುತ್ತದೆ. ಅದರ ಸೆಕ್ಷನ್ 8 ಈ ವಿಷಯದ ಜೀವಾಳ. ಮಗುವಿನ ಒಳಿತಿಗೆ, ಅದರ ಆಸ್ತಿಯ ರಕ್ಷಣೆಗೆ ಬೇಕಾದ ಕೆಲಸಗಳನ್ನು ಹೆತ್ತವರು ಮಾಡಬಹುದು. ಬಾಡಿಗೆ ವಸೂಲಿ, ಕಂದಾಯ ಕಟ್ಟುವುದು, ರಿಪೇರಿ, ಇವಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಸ್ಥಿರಾಸ್ತಿಯನ್ನು ಮಾರುವುದು, ಅಡವಿಡುವುದು, ದಾನ ಕೊಡುವುದು, ಅದಲುಬದಲು ಮಾಡುವುದು, ಇವೆಲ್ಲಕ್ಕೂ ಕೋರ್ಟಿನ ಅನುಮತಿ ಬೇಕು. ಅದೂ ಮುಂಚೆಯೇ ಪಡೆದಿರಬೇಕು. ಅನುಮತಿ ಇಲ್ಲದೆ ಐದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಗುತ್ತಿಗೆ ಕೊಡುವಂತಿಲ್ಲ. ಮಗುವಿಗೆ 18 ತುಂಬಿ ಒಂದು ವರ್ಷ ದಾಟಿದ ಮೇಲೂ ಉಳಿಯುವ ಗುತ್ತಿಗೆಗೂ ಅನುಮತಿ ಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. "ಕೋರ್ಟಿನಿಂದ ಗಾರ್ಡಿಯನ್ ಮಾಡಿಸಿಕೊಂಡು ಬನ್ನಿ" ಎಂದು ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುವುದಿದೆ. ಹಿಂದೂ ಮಗುವಿಗೆ ಅಪ್ಪ ಇದ್ದರೆ ಅಪ್ಪ, ಅಪ್ಪ ಇಲ್ಲದಿದ್ದರೆ ಅಮ್ಮ ಸಹಜ ಗಾರ್ಡಿಯನ್. ಅವರನ್ನು ಕೋರ್ಟ್ ಹೊಸದಾಗಿ ನೇಮಿಸಬೇಕಿಲ್ಲ. ಈ ಒಂದು ಮಾರಾಟಕ್ಕೆ ಅನುಮತಿ ಕೊಟ್ಟರೆ ಸಾಕು. ನೇಮಕವೇ ಬೇಕಾಗುವುದು ಬೇರೆ ಸಂದರ್ಭಗಳಲ್ಲಿ. ಅಪ್ಪ-ಅಮ್ಮ ಇಬ್ಬರೂ ಇಲ್ಲದೆ ಅಜ್ಜಿಯೋ ಸೋದರಮಾವನೋ ಮಗುವನ್ನು ಸಾಕುತ್ತಿದ್ದರೆ ಅವರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನೇಮಕಕ್ಕೆ ಅರ್ಜಿ ಹಾಕಬೇಕು. ಮುಸ್ಲಿಂ ಕುಟುಂಬದಲ್ಲಿ ಮಗುವಿನ ಆಸ್ತಿಗೆ ತಂದೆ, ಆಮೇಲೆ ತಂದೆಯ ತಂದೆ ಗಾರ್ಡಿಯನ್ ಆಗುತ್ತಾರೆ. ತಾಯಿ ತಾನಾಗಿಯೇ ಆಗುವುದಿಲ್ಲ, ಕೋರ್ಟಿನಿಂದ ನೇಮಕ ಆಗಬೇಕು. ಕ್ರೈಸ್ತರು, ಪಾರ್ಸಿಗಳೂ 1890ರ ಕಾಯ್ದೆಗೇ ಹೋಗಬೇಕು.

ನೇಮಕಗೊಂಡ ಗಾರ್ಡಿಯನ್ ಮೇಲೆ ಕಟ್ಟುಪಾಡು ಜಾಸ್ತಿ. ಕೋರ್ಟ್ ಕೇಳಿದರೆ ಬಾಂಡ್ ಬರೆದುಕೊಡಬೇಕು, ಜಾಮೀನು ಕೊಡಬೇಕು, ಆಸ್ತಿಯ ಪಟ್ಟಿ ಒಪ್ಪಿಸಬೇಕು, ಲೆಕ್ಕ ತೋರಿಸಬೇಕು. ತನ್ನ ಸ್ವಂತ ಆಸ್ತಿಯನ್ನು ಒಬ್ಬ ವಿವೇಕವಂತ ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಮಗುವಿನ ಆಸ್ತಿಯನ್ನು ನೋಡಿಕೊಳ್ಳಬೇಕು ಎನ್ನುತ್ತದೆ 1890ರ ಕಾಯ್ದೆಯ ಸೆಕ್ಷನ್ 27. ನೂರಮೂವತ್ತು ವರ್ಷ ದಾಟಿದ ಕಾಯ್ದೆ. ಆದರೂ ಆ ಮಾತು ಹಳತಾಗಿಲ್ಲ.

ನೇಮಕವೂ ಇಲ್ಲದೆ, ಸಹಜ ಗಾರ್ಡಿಯನ್ನೂ ಅಲ್ಲದೆ, ಸುಮ್ನೆ ಮನೆಯ ಹಿರಿಯರು ಎಂಬ ಕಾರಣಕ್ಕೆ ಸಹಿ ಹಾಕಿದರೆ? ದೊಡ್ಡಪ್ಪ, ಚಿಕ್ಕಪ್ಪ, ಅಕ್ಕ ಹೀಗೆ ಸಹಿ ಹಾಕಿದ ಹಳೆಯ ಪತ್ರಗಳು ನಮ್ಮ ಹಳ್ಳಿಗಳಲ್ಲಿ ಸಿಗುತ್ತವೆ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ ಅಪ್ರಾಪ್ತ ತಂಗಿಯ ಪಾಲನ್ನು ಅಕ್ಕ ಮಾರಿದ್ದಳು. ಅಂಥ ಮಾರಾಟ ಮೊದಲಿನಿಂದಲೇ ಅಸಿಂಧು ಎಂದು 2001ರಲ್ಲಿ ತೀರ್ಪಾಯಿತು. ಪೂರ್ತಿ ಶೂನ್ಯ.

ಅಪ್ಪ ಅಥವಾ ಅಮ್ಮ ಅನುಮತಿ ಇಲ್ಲದೆ ಮಾರಿದ್ದು ಹಾಗಲ್ಲ. ಅದು ಮಗು ಬಯಸಿದರೆ ರದ್ದಾಗುವ ಮಾರಾಟ. ಮಗು ದೊಡ್ಡದಾಗಿ ಒಪ್ಪಿಕೊಂಡರೆ ಅಥವಾ ಸುಮ್ಮನಿದ್ದರೆ ಮಾರಾಟ ಉಳಿಯುತ್ತದೆ. ಬೇಡ ಎಂದರೆ ಬಿದ್ದುಹೋಗುತ್ತದೆ. ಹಾಗೆ ಹೇಳಲು 1963ರ ಕಾಲಮಿತಿ ಕಾಯ್ದೆ ಕೊಡುವ ಸಮಯ 18 ತುಂಬಿದ ಮೇಲೆ ಮೂರು ವರ್ಷ. ಅಂದರೆ 21ರ ಒಳಗೆ.

ಆದರೆ "ಬೇಡ" ಎಂದು ಹೇಗೆ ಹೇಳಬೇಕು? ಕೋರ್ಟಿಗೆ ದಾವೆ ಹಾಕಿಯೇ ಆ ಕ್ರಯಪತ್ರವನ್ನು ರದ್ದು ಮಾಡಿಸಬೇಕಾ? ಶಾಮನೂರಿನ ಪ್ರಕರಣ ನಿಂತಿದ್ದು ಇಲ್ಲೇ. ಮಕ್ಕಳು ದಾವೆ ಹಾಕಿರಲಿಲ್ಲ. ದೊಡ್ಡವರಾಗಿ ಸೈಟನ್ನು ಬೇರೊಬ್ಬರಿಗೆ ಮಾರಿದ್ದರು, ಅಷ್ಟೇ. ಹೈಕೋರ್ಟ್ ಅದು ಸಾಲದು ಎಂದಿತು. ನ್ಯಾಯಮೂರ್ತಿ ಪಂಕಜ್ ಮಿತ್ತಲ್ ಮತ್ತು ಪ್ರಸನ್ನ ಬಿ. ವರಾಳೆ ಅವರ ಸುಪ್ರೀಂ ಕೋರ್ಟ್ ಪೀಠ ಸಾಕು ಎಂದಿತು. ಅಪ್ಪ ಮಾಡಿದ ಮಾರಾಟವನ್ನು ಒಪ್ಪುವುದಿಲ್ಲ ಎಂಬುದು ನಡತೆಯಿಂದಲೇ ಸ್ಪಷ್ಟವಾದರೆ ಪ್ರತ್ಯೇಕ ದಾವೆ ಬೇಕಿಲ್ಲ. ಅದಕ್ಕೆ ಪೀಠ ಕೊಟ್ಟ ಕಾರಣವೂ ಮನಸ್ಸಿಗೆ ಒಪ್ಪುತ್ತದೆ. ಅಪ್ಪ ಮಾರಿದ್ದೇ ಮಗನಿಗೆ ಗೊತ್ತಿಲ್ಲದೆ ಇರಬಹುದು. ಜಾಗ ಇನ್ನೂ ತನ್ನ ಸ್ವಾಧೀನದಲ್ಲೇ ಇದ್ದರೆ ಎಲ್ಲ ಸರಿಯಾಗಿದೆ ಎಂದೇ ಅವನು ಅಂದುಕೊಂಡಿರುತ್ತಾನೆ. ಅಂಥವನು ಯಾವ ಪತ್ರ ರದ್ದು ಮಾಡಿ ಎಂದು ಕೋರ್ಟಿಗೆ ಹೋಗಬೇಕು?

ಮಕ್ಕಳ ದೃಷ್ಟಿಯಿಂದ ಈ ತೀರ್ಪು ನನಗೆ ಸರಿ ಅನ್ನಿಸುತ್ತದೆ. ಕೊಳ್ಳುವವರಿಗೆ ಮಾತ್ರ ಇದು ದೊಡ್ಡ ಎಚ್ಚರಿಕೆ. ಹಿಂದೆ "ಮೈನರ್ ದಾವೆ ಹಾಕಿದ್ದಾನಾ?" ಎಂದು ಕೋರ್ಟ್ ದಾಖಲೆ ಹುಡುಕಿದರೆ ಒಂದು ಸಮಾಧಾನ ಇರುತ್ತಿತ್ತು. ಈಗ ಅಷ್ಟು ಸಾಲದು. ಋಣಭಾರ ಪತ್ರದಲ್ಲಿ (ಇ.ಸಿ.) 30 ವರ್ಷ ಹಿಂದಕ್ಕೆ ಹೋಗಿ ಯಾವ ಪತ್ರದಲ್ಲಿ ಮೈನರ್ ಹೆಸರಿದೆ, ಅನುಮತಿ ಆದೇಶ ಇದೆಯಾ, ಆ ಮಗುವಿಗೆ 21 ಯಾವಾಗ ತುಂಬಿತು, ಆ ಮಧ್ಯೆ ಏನು ಮಾಡಿದ ಎಂದೆಲ್ಲ ನೋಡಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆ ಎಂದರೆ ಎಲ್ಲ ಸರಿ ಎಂದು ನಂಬುವವರಿದ್ದಾರೆ. ಮಾರುವವರ ಹಕ್ಕು ಗಟ್ಟಿಯೋ ಇಲ್ಲವೋ ಎಂದು ತೀರ್ಮಾನಿಸುವುದು ಸಬ್ ರಿಜಿಸ್ಟ್ರಾರ್ ಕೆಲಸವಲ್ಲ. ಈ ತೊಡಕು ಎಷ್ಟೋ ಸಲ ಹೊರಬೀಳುವುದು ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಹೋದಾಗ, ಬ್ಯಾಂಕಿನ ವಕೀಲರು ದಾಖಲೆ ತಿರುವಿದಾಗ.

ಇಷ್ಟು ಹೊತ್ತು ಹೇಳಿದ್ದು ಅಪ್ಪ ಮಗುವಿನ ಹೆಸರಿಗೆ ಕೊಂಡ ಆಸ್ತಿಯ ಕಥೆ. ಆದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬರುವವರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರೂ ಇದ್ದಾರೆ. ಅವರ ಕಷ್ಟ ಬೇರೆಯದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಮನೆ ಎಂದುಕೊಳ್ಳಿ. ಗಂಡ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಅವನ ಒಬ್ಬನ ಹೆಸರಲ್ಲೇ ಇದೆ. ಉಯಿಲು ಬರೆದಿಲ್ಲ. ಅವನು ತೀರಿಕೊಂಡ. ಮನೆಯಲ್ಲಿ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ಅವನ ತಾಯಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಾಲ್ವರಿಗೂ ಸಮಪಾಲು. ಹೆಂಡತಿಯದು ಕಾಲು ಭಾಗ ಮಾತ್ರ. ಅರ್ಧ ಮನೆ ಮಕ್ಕಳದ್ದು. ಪೌತಿ ಖಾತೆ (ಸತ್ತವರ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸುವಾಗ ಎಲ್ಲರ ಹೆಸರೂ ಬರುತ್ತದೆ, "ಮೈನರ್ ಗಾರ್ಡಿಯನ್ ತಾಯಿ" ಎಂದು ಬರೆದಿರುತ್ತದೆ. ಆ ಸಾಲು ನೋಡಿ ತಾಯಿಗೆ ಮಕ್ಕಳ ಪಾಲನ್ನು ಮಾರುವ ಹಕ್ಕೂ ಬಂತು ಎಂದು ಎಲ್ಲರೂ ತಿಳಿಯುತ್ತಾರೆ. ಬಂದಿರುವುದಿಲ್ಲ. ಅವಳು ನೋಡಿಕೊಳ್ಳುವವಳು ಮಾತ್ರ.

ಮನೆಗೆ 60 ಲಕ್ಷ ರೂಪಾಯಿ ಬೆಲೆ ಕುದುರಿತು ಎಂದುಕೊಳ್ಳಿ. ಗಂಡನ ಆಸ್ಪತ್ರೆ ಸಾಲ ತೀರಿಸಬೇಕು, ತವರಿನ ಹತ್ತಿರ ಸಣ್ಣ ಮನೆ ಮಾಡಬೇಕು, ಮಕ್ಕಳ ಫೀಸು ಕಟ್ಟಬೇಕು. ಅವಳು ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕುತ್ತಾಳೆ. ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟ್. ಆಸ್ತಿ ಎಲ್ಲಿದೆಯೋ ಅಲ್ಲಿನ ಕೋರ್ಟೇ ಆಗಬೇಕು. ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ತಿರುಗಿ ಬರುವುದು ಬೇಡ. ಅಲ್ಲಿ ನಡೆಯುವುದು ಮಗು ಯಾರ ಹತ್ತಿರ ಇರಬೇಕು ಎಂಬಂಥ ವಿಷಯ, ಆಸ್ತಿ ಮಾರುವ ಅನುಮತಿಯಲ್ಲ.

ನ್ಯಾಯಾಧೀಶರು ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಈ ಮಾರಾಟ ಮಗುವಿಗೆ ಅಗತ್ಯವಾ? ಅಥವಾ ಮಗುವಿಗೆ ಕಣ್ಣಿಗೆ ಕಾಣುವಂಥ ಲಾಭ ಇದೆಯಾ? ಇವೆರಡರಲ್ಲಿ ಒಂದಾದರೂ ಇರಬೇಕು. ಮನೆಯ ಮೇಲೇ ಇರುವ ಬ್ಯಾಂಕ್ ಸಾಲ, ಮಗುವಿನ ಚಿಕಿತ್ಸೆ, ಓದು, ಬೀಳುವ ಸ್ಥಿತಿಯಲ್ಲಿರುವ ಕಟ್ಟಡ, ಇದನ್ನು ಮಾರಿ ಇದಕ್ಕಿಂತ ಒಳ್ಳೆಯದನ್ನು ಮಗುವಿನ ಹೆಸರಿಗೆ ಕೊಳ್ಳುವುದು, ಇಂಥ ಕಾರಣಗಳಿಗೆ ಬೆಲೆ ಇದೆ. ಅಪ್ಪನ ವ್ಯಾಪಾರಕ್ಕೆ ಬಂಡವಾಳ ಬೇಕು ಎಂಬುದು ಮಗುವಿನ ಅಗತ್ಯ ಆಗುವುದಿಲ್ಲ. ಬೆಲೆ ಸರಿಯಾಗಿದೆಯಾ ಎಂದೂ ನೋಡುತ್ತಾರೆ. ಬೇಕೆನಿಸಿದರೆ ಮಗುವಿನ ಸಂಬಂಧಿಕರಿಗೆ ನೋಟಿಸ್ ಕಳಿಸಿ ಅವರ ಮಾತು ಕೇಳಬಹುದು. ಬಹಿರಂಗ ಹರಾಜಿನಲ್ಲೇ ಮಾರಿ ಎಂದು ಷರತ್ತು ಹಾಕುವ ಅಧಿಕಾರವೂ ಇದೆ.

ಅನುಮತಿ ಸಿಕ್ಕರೆ ಆದೇಶದಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು ಒಂದು: ಮಕ್ಕಳ ಪಾಲಿನ ಹಣವನ್ನು ಅವರಿಗೆ 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ರಸೀದಿ ಕೋರ್ಟಿಗೆ ತೋರಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು 30 ಲಕ್ಷ. ಅತ್ತೆಯ ಪಾಲು 15 ಲಕ್ಷ ಅತ್ತೆಗೆ. ತಾಯಿಯ ಕೈಯಲ್ಲಿ ಉಳಿಯುವುದು 15 ಲಕ್ಷ.

ಇಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಆ 30 ಲಕ್ಷ ಮಕ್ಕಳದ್ದು, ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮೈದುನನೋ ತವರಿನವರೋ ಬಂದು "ಸ್ವಲ್ಪ ದುಡ್ಡು ಕೊಡು, ಆರು ತಿಂಗಳಲ್ಲಿ ವಾಪಸ್" ಎಂದಾಗ "ಕೋರ್ಟಿನಲ್ಲಿ ಲಾಕ್ ಆಗಿದೆ" ಎಂದು ಹೇಳಲು ಅವಳಿಗೆ ಒಂದು ಆಸರೆಯೂ ಆಗುತ್ತದೆ. ಆದರೆ ಆ ಮಕ್ಕಳಿಗೆ ಊಟ ಹಾಕುವವಳು ಅವಳೇ. ಮಕ್ಕಳ ಫೀಸಿಗೆ ಮಕ್ಕಳ ದುಡ್ಡೇ ಬೇಕಾದಾಗ ಮತ್ತೆ ವಕೀಲರು, ಮತ್ತೆ ಅರ್ಜಿ, ಮತ್ತೆ ದಿನಾಂಕ. ಅದಕ್ಕೇ ನನ್ನ ಸಲಹೆ: ಮೊದಲ ಅರ್ಜಿಯಲ್ಲೇ ಇದನ್ನೆಲ್ಲ ಬರೆಯಿರಿ. ಬಡ್ಡಿಯನ್ನು ಪ್ರತಿ ತಿಂಗಳು ತಾಯಿಯ ಖಾತೆಗೆ ಹಾಕಲಿ, ವರ್ಷಕ್ಕೊಮ್ಮೆ ಶಾಲೆಯ ರಸೀದಿ ತೋರಿಸಿ ಇಂತಿಷ್ಟು ತೆಗೆಯಲು ಬಿಡಲಿ ಎಂದು ಕೇಳಿಕೊಳ್ಳಿ. ಕೇಳಿದರೆ ಒಪ್ಪುವ ಅವಕಾಶ ಇದೆ. ಕೇಳದೆ ಇದ್ದರೆ ಆದೇಶದಲ್ಲಿ ಬರೀ ಠೇವಣಿಯ ಸಾಲು ಬರುತ್ತದೆ. ಅಪಘಾತ ಪರಿಹಾರದ ವಿಷಯದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಇಂಥ ದಾರಿ ತೋರಿಸಿದೆ. ಅಪ್ರಾಪ್ತರ ಹಣ 18ರವರೆಗೆ ದೀರ್ಘ ಠೇವಣಿಯಲ್ಲಿರಲಿ, ಗಾರ್ಡಿಯನ್ ಮಾಡಿದ ಖರ್ಚನ್ನು ತೆಗೆಯಲು ಬಿಡಬಹುದು ಎಂದು ಅದು ಹೇಳಿತು.

ತಾಯಂದಿರ ವಿಷಯ ಬಂದಾಗ ಇನ್ನೊಂದು ಮಾತು ಹೇಳಲೇಬೇಕು. 1956ರ ಪೋಷಕತ್ವ ಕಾಯ್ದೆಯ ಸೆಕ್ಷನ್ 6 "ತಂದೆ, ಅವನ ನಂತರ ತಾಯಿ" ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಲೀಫ್ ಬಾಂಡ್ (ಸರ್ಕಾರದ ಉಳಿತಾಯ ಪತ್ರ) ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತು. ಅಪ್ಪ-ಅಮ್ಮ ಇಬ್ಬರೂ ಕೂಡಿ ನಿರ್ಧರಿಸಿ, ತಾಯಿ ಗಾರ್ಡಿಯನ್ ಆಗಲಿ ಎಂದಿದ್ದರೂ ಹೀಗಾಯಿತು. 1999ರಲ್ಲಿ ಸುಪ್ರೀಂ ಕೋರ್ಟ್ "ನಂತರ" ಎಂಬ ಪದಕ್ಕೆ ಹೊಸ ಅರ್ಥ ಕೊಟ್ಟಿತು. ತಂದೆ ಸತ್ತ ನಂತರ ಮಾತ್ರ ಎಂದಲ್ಲ. ತಂದೆ ದೂರವಾಗಿದ್ದರೆ, ಮಗುವಿನ ಬಗ್ಗೆ ತಲೆ ಕೆಡಿಸಿಕೊಳ್ಳದಿದ್ದರೆ, ಕಾಯಿಲೆಯಿಂದ ಆಗದಿದ್ದರೆ, ಇಬ್ಬರೂ ಒಪ್ಪಿದ್ದರೆ, ಆಗಲೂ ತಾಯಿಯೇ ಗಾರ್ಡಿಯನ್. ದೊಡ್ಡ ಹೆಜ್ಜೆ. ಆದರೆ ಕಾಯ್ದೆಯ ಪದ ಹಾಗೇ ಉಳಿಯಿತು. ತಂದೆ-ತಾಯಿ ಇಬ್ಬರನ್ನೂ ಸಮಾನವಾಗಿ ಸಹಜ ಗಾರ್ಡಿಯನ್ ಮಾಡಿ ಎಂದು ಕಾನೂನು ಆಯೋಗ 2015ರಲ್ಲಿ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಇದು ಇನ್ನೂ ಕಾಯ್ದೆಗೆ ಬರದೇ ಇರುವುದು ನನಗೆ ಬೇಸರದ ವಿಷಯ. ಗಂಡ ಬಿಟ್ಟುಹೋದ ಹೆಣ್ಣುಮಗಳು ಕೌಂಟರ್ ಮುಂದೆ ನಿಂತಾಗ ಅವಳ ಕೈಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ ಇರುವುದಿಲ್ಲ.

ಇನ್ನು ಕೂಡುಕುಟುಂಬದ ಆಸ್ತಿ. ಇದಕ್ಕೆ ಲೆಕ್ಕವೇ ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗುವಿನ ಪಾಲು ಇನ್ನೂ ವಿಭಾಗ ಆಗದೆ ಸೇರಿಕೊಂಡಿದ್ದರೆ ಸೆಕ್ಷನ್ 8 ಅನ್ವಯಿಸುವುದಿಲ್ಲ. ಮನೆಯ ಕರ್ತ, ಅಂದರೆ ಕೂಡುಕುಟುಂಬದ ವ್ಯವಹಾರ ನೋಡುವ ಯಜಮಾನ, ಕುಟುಂಬದ ಅಗತ್ಯಕ್ಕೆ ಮಾರಿದರೆ ಕೋರ್ಟಿನ ಅನುಮತಿ ಬೇಕಿಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಭಾಗಪತ್ರ ಆಗಿ ಮಗುವಿನ ಪಾಲು ಬೇರೆಯಾದ ಮೇಲೆ ಏನು ಎಂಬುದನ್ನು ವಕೀಲರ ಹತ್ತಿರ ದಾಖಲೆ ತೋರಿಸಿಯೇ ಕೇಳಬೇಕು. "ಇದು ಪಿತ್ರಾರ್ಜಿತ, ಪರ್ಮಿಷನ್ ಬೇಡ" ಎಂದು ಬ್ರೋಕರ್ ಹೇಳಿದ ಮಾತ್ರಕ್ಕೆ ನಂಬಬೇಡಿ. ತಾತನ ಸ್ವಂತ ದುಡಿಮೆಯ ಜಮೀನನ್ನೂ ನಮ್ಮಲ್ಲಿ ಪಿತ್ರಾರ್ಜಿತ ಎಂದೇ ಕರೆಯುತ್ತಾರೆ. ಕಾನೂನಿನಲ್ಲಿ ಅವೆರಡೂ ಒಂದೇ ಅಲ್ಲ.

ಈ ಕಾನೂನಿನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಬೇರೆ ಇದೆ. ಸೆಕ್ಷನ್ 8ರ ಅನುಮತಿ ಸ್ಥಿರಾಸ್ತಿಗೆ ಮಾತ್ರ. ಮಗುವಿನ ಹೆಸರಿನ ಠೇವಣಿ, ಷೇರು, ಮ್ಯೂಚುವಲ್ ಫಂಡ್, ಚಿನ್ನ, ಇವನ್ನು ತೆಗೆಯಲು ಸಹಜ ಗಾರ್ಡಿಯನ್ ಕೋರ್ಟಿಗೆ ಹೋಗಬೇಕಿಲ್ಲ. ಮಗುವಿನ ಒಳಿತಿಗೇ ಬಳಸಬೇಕು ಎಂಬ ಕರ್ತವ್ಯ ಇದೆ, ಆದರೆ ಮುಂಚೆ ನೋಡುವ ಕಣ್ಣಿಲ್ಲ. 1956ರಲ್ಲಿ ಆಸ್ತಿ ಎಂದರೆ ಹೊಲ, ಮನೆ. ಇವತ್ತು ಎಷ್ಟೋ ಮಕ್ಕಳ ಹೆಸರಲ್ಲಿ ಇರುವುದು ಬರೀ ಹಣ. ಅಜ್ಜ ಮೊಮ್ಮಗಳ ಹೆಸರಿಗೆ ಇಟ್ಟ ಹತ್ತು ಲಕ್ಷದ ಠೇವಣಿ ಒಂದು ಸಹಿಯಲ್ಲಿ ಕರಗಬಹುದು. ಅವಳ ಹೆಸರಿನ ಎರಡು ಗುಂಟೆ ಜಾಗಕ್ಕೆ ಮಾತ್ರ ನ್ಯಾಯಾಧೀಶರ ಕಾವಲು. ಹಾಗೆಂದು ಪ್ರತಿ ಠೇವಣಿಗೂ ಕೋರ್ಟ್ ಬೇಕು ಎನ್ನಲಾರೆ, ಅದು ಯಾರಿಗೂ ಸಾಧ್ಯವಿಲ್ಲದ ಮಾತು. ದೊಡ್ಡ ಮೊತ್ತಕ್ಕಾದರೂ ಮಗುವಿಗೆ 18 ತುಂಬಿದಾಗ ಲೆಕ್ಕ ಒಪ್ಪಿಸುವ ನಿಯಮ ಬಂದರೆ ಅನ್ಯಾಯ ಕಡಿಮೆಯಾದೀತು.

ಈಗ ಮಾರಲು ಹೊರಟಿರುವವರಿಗೆ ಕೆಲಸಕ್ಕೆ ಬರುವ ಮಾತು. ಅನುಮತಿಗೆ ತಿಂಗಳುಗಳು ಹಿಡಿಯುತ್ತವೆ ಎಂದು ತಿಳಿದೇ ಮಾತುಕತೆ ಶುರು ಮಾಡಿ. ಕೊಳ್ಳುವವರ ಜೊತೆ ಕರಾರು ಮಾಡಿಕೊಳ್ಳುವುದಾದರೆ "ಕೋರ್ಟ್ ಅನುಮತಿ ಸಿಕ್ಕ ಮೇಲೆ ಮಾತ್ರ ಕ್ರಯ" ಎಂದು ಸ್ಪಷ್ಟವಾಗಿ ಬರೆಯಿರಿ. ಸಿಗದಿದ್ದರೆ ಮುಂಗಡ ಹೇಗೆ ವಾಪಸ್ ಎಂಬುದನ್ನೂ ಬರೆಯಿರಿ. ಮೊದಲು ಮಾರಿ ಆಮೇಲೆ ಅನುಮತಿ ತರುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ. ಇನ್ನೂ ಕೊಂಡಿಲ್ಲ, ಮಗುವಿನ ಹೆಸರಿಗೆ ಕೊಳ್ಳಬೇಕು ಎಂಬ ಆಸೆ ಇದೆ ಎನ್ನುವವರು ಒಂದು ಕ್ಷಣ ಯೋಚಿಸಿ. ಮುಂದಿನ ಹತ್ತು-ಹದಿನೈದು ವರ್ಷದಲ್ಲಿ ಅದನ್ನು ಮಾರುವ ಪ್ರಸಂಗ ಬರಬಹುದು ಅನ್ನಿಸಿದರೆ ನಿಮ್ಮ ಹೆಸರಿಗೇ ಕೊಂಡು, ಮಗುವಿನ ಹೆಸರಿಗೆ ಉಯಿಲು ಬರೆಯಿರಿ. ಮಾರುವುದೇ ಇಲ್ಲ, ಇದು ಅವಳದ್ದೇ ಎಂದು ಗಟ್ಟಿಯಾಗಿದ್ದರೆ ಧಾರಾಳವಾಗಿ ಅವಳ ಹೆಸರಿಗೆ ಮಾಡಿಸಿ. ಆಗ ಈ ಕಾನೂನು ನಿಮ್ಮ ಆಸೆಯನ್ನೇ ಕಾಯುತ್ತದೆ.

ಕೊನೆಯದಾಗಿ, 18 ತುಂಬುವ ದಿನದ ಬಗ್ಗೆ. ಮೂರು ವರ್ಷದ ಗಡುವು ಶುರುವಾಗುವುದು ಅವತ್ತು. ಕೋರ್ಟಿನ ಆದೇಶದಂತೆ ಇಟ್ಟ ಠೇವಣಿ ಕೈಗೆ ಬರಬೇಕಾದದ್ದೂ ಅವತ್ತೇ. ಆದರೆ ಆ ಹುಡುಗ ಅಥವಾ ಹುಡುಗಿಗೆ "ನಿನ್ನ ಹೆಸರಲ್ಲಿ ಹೀಗೊಂದು ಆಸ್ತಿ ಇತ್ತು, ಹೀಗೆ ಮಾರಾಟವಾಯಿತು, ಹಣ ಇಂಥ ಬ್ಯಾಂಕಿನಲ್ಲಿದೆ" ಎಂದು ತಿಳಿಸಬೇಕು ಎಂಬ ಮಾತು ಸೆಕ್ಷನ್ 8ರಲ್ಲಿ ಎಲ್ಲೂ ಇಲ್ಲ. ಮನೆಯವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅನುಮತಿ ಆದೇಶದಲ್ಲಿ ಮಗುವಿನ ಹುಟ್ಟಿದ ದಿನಾಂಕ ಇದ್ದೇ ಇರುತ್ತದೆ. 18 ತುಂಬಿದ ತಿಂಗಳು ಆ ವಿಳಾಸಕ್ಕೆ ಕೋರ್ಟಿನಿಂದ ಒಂದು ಪತ್ರ ಹೋಗುವಂತೆ ಆದೇಶದಲ್ಲೇ ಒಂದು ಸಾಲು ಸೇರಿಸಿ ಎಂದು ಅರ್ಜಿ ಹಾಕುವ ತಾಯಿ-ತಂದೆಯೇ ಕೇಳಬಹುದು.